ಕಾಂಡ್ಲಾ, ಖಾಜನ್, ಕೆರೆ: ಗೋವಾದ ಓದುಗರು ಕೇಳಿದ್ದು

ಗೋವಾದಲ್ಲಿರುವ ನಾವು ಕನ್ನಡದವರು ಸಮುದ್ರದ ದಂಡೆ ಬಿಟ್ಟು ಒಳಗಿನ ತಗ್ಗು ಊರುಗಳ ಕಡೆಗೂ ಒಮ್ಮೆ ಹೋಗಿ ಬರಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅನುಮಾನ ಇದ್ದರೆ ಕೇಳಿ ಎಂದೂ ಹೇಳಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ವಾಸ್ಕೊ, ಫೋಂಡಾ, ಮಾಪುಸಾದಿಂದ ಬಂದಿವೆ, ಖಾನಾಪುರದಿಂದಲೂ ಒಂದು ಬಂದಿದೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಗೋವಾಕ್ಕೆ ಬಂದು ಆರು ವರ್ಷ ಆಯ್ತು. ಬೀಚ್ ಮತ್ತು ದೇವಸ್ಥಾನ ಬಿಟ್ಟು ಏನೂ ನೋಡಿಲ್ಲ. ಭಾನುವಾರ ಒಂದೇ ದಿನ ರಜೆ. ಇಬ್ಬರು ಮಕ್ಕಳಿದ್ದಾರೆ. ಎಲ್ಲಿಂದ ಶುರು ಮಾಡಲಿ? — ಓದುಗರು, ವಾಸ್ಕೊ

ಚೊಡಣ ದ್ವೀಪದಿಂದ ಶುರು ಮಾಡಿ. ಬೇರೆ ಯೋಚನೆ ಬೇಡ.

ಪಣಜಿಯಿಂದ ರಿಬಂದರ್‌ಗೆ ಹೋಗಿ, ಅಲ್ಲಿ ಫೆರಿ ಹತ್ತಿ. ಮಾಂಡೊವಿ ದಾಟಲು ಹತ್ತು ನಿಮಿಷವೂ ಬೇಡ. ಮಕ್ಕಳಿಗೆ ಅರ್ಧ ಖುಷಿ ಆ ಫೆರಿಯಲ್ಲೇ ಸಿಗುತ್ತದೆ. ಆ ಕಡೆ ಇಳಿದರೆ ಜೆಟ್ಟಿಯ ಹತ್ತಿರವೇ ಸಲೀಂ ಅಲಿ ಪಕ್ಷಿಧಾಮದ ಬಾಗಿಲು ಇದೆ. ಇಡೀ ಪಕ್ಷಿಧಾಮ 1.78 ಚದರ ಕಿಲೋಮೀಟರ್ ಅಷ್ಟೇ, ದ್ವೀಪದ ಪಶ್ಚಿಮದ ತುದಿ. ತುಂಬಾ ಕಾಂಡ್ಲಾ, ಅಂದರೆ ಉಪ್ಪು ನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳು, ನಡುವೆ ನಡೆಯುವ ದಾರಿ, ಅಕ್ಕಪಕ್ಕ ಸಣ್ಣ ಸಣ್ಣ ಕವಲು ತೋಡುಗಳು.

ಹೊರಡುವ ಮೊದಲು ಒಂದು ಕೆಲಸ ಮಾಡಿ. ಆ ದಿನದ ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂದು ಮೊಬೈಲಿನಲ್ಲಿ ನೋಡಿಕೊಳ್ಳಿ. ಇಲ್ಲಿನವರು ಭರ್ತಿ, ಸುಕ್ತಿ ಎನ್ನುತ್ತಾರೆ. ನಾವು ಬಿಸಿಲು ಮಳೆ ನೋಡಿಕೊಂಡು ಹೊರಡುತ್ತೇವೆ, ನೀರಿನ ಏರಿಳಿತ ನೋಡುವುದೇ ಇಲ್ಲ ಅಲ್ವಾ, ಆದರೆ ಈ ತಗ್ಗು ನಾಡಿನಲ್ಲಿ ಗಡಿಯಾರ ಅಂದರೆ ನೀರೇ, ಮೀನು ಹಿಡಿಯುವವರು, ಚಿಪ್ಪು ಆರಿಸುವವರು, ಹಕ್ಕಿಗಳು, ಏಡಿಗಳು ಎಲ್ಲರೂ ಅದನ್ನೇ ನೋಡಿ ಎದ್ದೇಳುವುದು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ಇಳಿತ ಇದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ನೀರು ತುಂಬಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ.

ನಡೆದು ನೋಡುವುದಾದರೆ ಇಳಿತದ ಹೊತ್ತು ಒಳ್ಳೆಯದು. ಕೆಸರು ಬಯಲಾಗುತ್ತದೆ. ಒಂದೇ ಕೈ ದೊಡ್ಡದಿರುವ ಗಂಡು ಏಡಿಗಳು ಅದನ್ನು ಎತ್ತಿ ಎತ್ತಿ ಆಡಿಸುತ್ತವೆ, ಹೆಣ್ಣನ್ನು ಕರೆಯುವುದು ಹಾಗೆ. ಮಡ್‌ಸ್ಕಿಪ್ಪರ್ ಎಂಬ ಮೀನು ನೀರು ಬಿಟ್ಟು ಕೆಸರಿನ ಮೇಲೆ ಜಿಗಿಯುತ್ತದೆ. ಇದನ್ನು ನೋಡಿದ ಮಕ್ಕಳು ಮನೆಗೆ ಹೋಗಲು ಒಪ್ಪುವುದಿಲ್ಲ. ದೋಣಿಯಲ್ಲಿ ಹೋಗುವುದಾದರೆ ಭರತದ ಹೊತ್ತು ಬೇಕು, ಆಗ ಮಾತ್ರ ತೋಡಿನ ಒಳಗೆ ದೋಣಿ ನುಗ್ಗುತ್ತದೆ. ದೋಣಿಯವರ ಜತೆ ಮೊದಲೇ ಮಾತಾಡಿಕೊಳ್ಳಿ, ಮಕ್ಕಳಿಗೆ ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ.

ಒಂದು ದಿನಕ್ಕೆ ಒಂದೇ ಜಾಗ. ಚೊಡಣ ನೋಡಿ, ದಿವಾಡಿ ನೋಡಿ, ಹಳೇ ಗೋವಾ ನೋಡಿ ಎಂದು ಓಡಿದರೆ ಏನೂ ಕಾಣುವುದಿಲ್ಲ.

ಫೋಂಡಾದಿಂದ ಪಣಜಿಗೆ ಬಸ್ಸಿನಲ್ಲಿ ಹೋಗುವಾಗ ಹೊಳೆಯ ಪಕ್ಕ ತಗ್ಗಿನಲ್ಲಿ ಗದ್ದೆ ಕಾಣುತ್ತದೆ. ಹೊಳೆ ಮೇಲೆ, ಗದ್ದೆ ಕೆಳಗೆ! ನಡುವೆ ಮಣ್ಣಿನ ಏರಿ, ಅದಕ್ಕೊಂದು ಮರದ ಬಾಗಿಲು. ಉಪ್ಪು ನೀರಿನ ಪಕ್ಕದಲ್ಲಿ ಭತ್ತ ಹೇಗೆ ಬರುತ್ತದೆ? — ಗೃಹಿಣಿ, ಮೂಲ ಊರು ಹುಬ್ಬಳ್ಳಿ

ಎಷ್ಟು ಚೆನ್ನಾಗಿ ಗಮನಿಸಿದ್ದೀರಿ! ಅದೇ ಬಸ್ಸಿನಲ್ಲಿ ದಿನಾ ಓಡಾಡುವ ಎಷ್ಟೋ ಜನರಿಗೆ ಅದು ಕಂಡಿಲ್ಲ.

ಅದು ಖಾಜನ್. ಭರತ ಬಂದಾಗ ಉಪ್ಪು ನೀರು ಹರಡುತ್ತಿದ್ದ ಜೌಗು ನೆಲಕ್ಕೆ ಏರಿ ಹಾಕಿ, ನೀರನ್ನು ಹೊರಗೆ ತಡೆದು, ಒಳಗೆ ಗದ್ದೆ ಮಾಡಿದ್ದಾರೆ. ಹಾಗಾಗಿ ಗದ್ದೆ ಭರತದ ಮಟ್ಟಕ್ಕಿಂತ ಕೆಳಗಿದೆ. ಏರಿಗೆ ಇಲ್ಲಿ ಬಾಂದ್ ಎನ್ನುತ್ತಾರೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿಯುವುದಕ್ಕೂ ಎಷ್ಟೋ ಮೊದಲಿನ ಕೆಲಸ ಇದು. ಊರಿನವರೇ ಸೇರಿ ಕಟ್ಟಿದ್ದು, ಊರಿನವರೇ ಸೇರಿ ನೋಡಿಕೊಂಡಿದ್ದು. ಗಾಂವಕಾರಿ ಎಂದು ಕರೆಯುತ್ತಿದ್ದ ಆ ಊರ ವ್ಯವಸ್ಥೆಗೆ ಆಮೇಲೆ ಪೋರ್ಚುಗೀಸರು ಕೊಮುನಿದಾದ್ ಎಂದು ಹೆಸರಿಟ್ಟರು. ಇವತ್ತೂ ಗೋವಾದಲ್ಲಿ ಸುಮಾರು 18,000 ಹೆಕ್ಟೇರ್ ಇಂಥ ನೆಲ ಇದೆ ಎಂಬ ಲೆಕ್ಕ ಇದೆ.

ಆ ಮರದ ಬಾಗಿಲೇ ಇದರ ಜೀವ. ಅದಕ್ಕೆ ಮಾನಸ್ ಎನ್ನುತ್ತಾರೆ. ಬಾಗಿಲನ್ನು ಮೇಲಿನ ಅಂಚಿಗೆ ಕೀಲು ಹಾಕಿ ಹೊಳೆಯ ಕಡೆಗೆ ಮಾತ್ರ ತೆರೆಯುವಂತೆ ನೇತು ಹಾಕಿರುತ್ತಾರೆ. ಹೊಳೆಯಲ್ಲಿ ನೀರು ಏರಿದಾಗ ಆ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇಳಿತ ಆದಾಗ ಒಳಗಿನ ಮಳೆ ನೀರಿನ ಒತ್ತಡ ಜಾಸ್ತಿಯಾಗಿ ಬಾಗಿಲು ತಾನೇ ತೆರೆಯುತ್ತದೆ, ನೀರು ಹೊರಗೆ ಹೋಗುತ್ತದೆ. ಕರೆಂಟ್ ಬೇಡ, ಮೋಟರ್ ಬೇಡ, ರಾತ್ರಿ ಎದ್ದು ಯಾರೂ ಹೋಗಿ ತೆರೆಯಬೇಕಾಗಿಲ್ಲ. ನಾನು ಇಂಥ ಒಂದು ಬಾಗಿಲಿನ ಮುಂದೆ ನೀರು ತಿರುಗುವ ಹೊತ್ತಿನಲ್ಲಿ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದೇನೆ. ಮೊದಲು ನೀರು ನಿಲ್ಲುತ್ತದೆ. ಹುಲ್ಲಿನ ಕಡ್ಡಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆಮೇಲೆ ಹಲಗೆ ಒಂದು ಸಲ ನರಳಿದ ಹಾಗೆ ಸದ್ದು ಮಾಡುತ್ತದೆ, ಕೆಳಗಿಂದ ಸಣ್ಣ ಗೆರೆಯಂತೆ ನೀರು ಹೊರಡುತ್ತದೆ. ಆ ಕ್ಷಣಕ್ಕೆ ಎಲ್ಲಿಂದಲೋ ಬೆಳ್ಳಕ್ಕಿ, ಕೊಳದ ಬಕ, ಮಿಂಚುಳ್ಳಿ ಎಲ್ಲ ಬಂದು ಸಾಲಾಗಿ ಕೂರುತ್ತವೆ. ನೀರಿನ ಜತೆ ಮೀನು ಬರುತ್ತದೆ ಎಂದು ಅವಕ್ಕೆ ಗೊತ್ತು.

ಭತ್ತದ ವಿಷಯ. ಮಳೆಗಾಲದ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯುತ್ತವೆ, ಆ ಉಪ್ಪು ನೀರು ಮಾನಸಿನ ಮೂಲಕ ಹೊರಗೆ ಹೋಗುತ್ತದೆ, ಆಮೇಲೆ ಬಿತ್ತನೆ. ಪೂರ್ತಿ ಉಪ್ಪು ಹೋಗುವುದಿಲ್ಲ. ಅದಕ್ಕೇ ಉಪ್ಪು ತಡೆಯುವ ಕೊರ್ಗುಟ್ ಎಂಬ ಹಳೆಯ ಭತ್ತ ಹಾಕುತ್ತಾರೆ. ಕೊಯ್ಲಾದ ಮೇಲೆ ಕೆಲವು ಕಡೆ ಹೊಳೆಯ ನೀರನ್ನು ಬೇಕೆಂದೇ ಒಳಗೆ ಬಿಟ್ಟು ಮೀನು, ಸಿಗಡಿ ಬೆಳೆಸುತ್ತಾರೆ. ಬಾಗಿಲಿನ ಒಳಗಡೆ ಆಳವಾದ ಒಂದು ಹೊಂಡ ಇರುತ್ತದೆ, ಪೊಂಯ್ ಎನ್ನುತ್ತಾರೆ, ಮೀನು ಅಲ್ಲಿ ಸೇರುತ್ತದೆ. ಮಾನಸಿಗೆ ಬಲೆ ಕಟ್ಟಿ ಮೀನು ಹಿಡಿಯುವ ಹಕ್ಕನ್ನು ಊರವರು ಹರಾಜು ಹಾಕುತ್ತಾರೆ. ಮಳೆಗಾಲದಲ್ಲಿ ಅನ್ನ, ಬೇಸಿಗೆಯಲ್ಲಿ ಮೀನು, ಎರಡೂ ಒಂದೇ ನೆಲದಲ್ಲಿ!

ನೀವು ಹುಬ್ಬಳ್ಳಿಯವರು, ನಿಮಗೆ ಹೊಸದು ಅನ್ನಿಸಬಹುದು. ನಾನು ಕುಮಟಾ ಕಡೆಯವನು. ನಮ್ಮ ಅಘನಾಶಿನಿ ದಂಡೆಯಲ್ಲೂ ಇದೇ ಇದೆ. ಖಾಜನಿಗೆ ನಾವು ಗಜನಿ ಎನ್ನುತ್ತೇವೆ, ಮಾನಸಿಗೆ ಜಂತ್ರಡಿ, ಕೊರ್ಗುಟ್ ಇದ್ದ ಜಾಗಕ್ಕೆ ಕಗ್ಗ ಭತ್ತ. ಗೋವಾಕ್ಕೆ ಬಂದ ಹೊಸದರಲ್ಲಿ ಕುಡತರಿ ಕಡೆ ಮೊದಲ ಸಲ ಮಾನಸ್ ನೋಡಿದಾಗ ನನಗೆ ಅಜ್ಜಿ ಮನೆ ಅಂಗಳಕ್ಕೆ ಬಂದು ನಿಂತ ಹಾಗಾಯ್ತು. ಕಗ್ಗದ ಗಂಜಿಯ ರುಚಿ ಬಾಯಿಗೆ ಬಂತು. ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಗೋವಾದ ಮೊದಲ ರಾಮ್ಸರ್ ತಾಣ ಕುಡಚಡೆಯ ನಂದಾ ಕೆರೆ, 2022ರಲ್ಲಿ. ಅದೂ ಗದ್ದೆಗೆ ನೀರು ಕೊಡುವ ಕೆರೆಯೇ. 42 ಹೆಕ್ಟೇರ್ ಅಷ್ಟೇ, ಆದರೆ ಬೆಳಿಗ್ಗೆ ಹೋಗಿ ನೋಡಿ.

ಬೈನಾಕ್ಯುಲರ್ ಯಾವುದು ತಗೊಳ್ಳಲಿ? — ವಿದ್ಯಾರ್ಥಿ, ಮಡಗಾಂವ್

8×42, ಅಂದರೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು. ಇದಕ್ಕಿಂತ ಜಾಸ್ತಿ ದೊಡ್ಡದು ಮಾಡುವುದನ್ನು ತಗೊಂಡರೆ ಕೈ ನಡುಗಿ ಏನೂ ಕಾಣುವುದಿಲ್ಲ. ಮೊದಲ ಆರು ತಿಂಗಳು ಯಾರದ್ದಾದರೂ ಕೇಳಿ ತಂದು ನೋಡಿ. ಕೊಳ್ಳುವುದು ಆಮೇಲೆ.

ದಿವಾಡಿಯಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದೆವು, ನಾಲ್ಕು ಜನ ಗೆಳೆಯರು. ಒಬ್ಬ ಹಿರಿಯರು ಬಂದು ಜೋರಾಗಿ ಬೈದು ಇಳಿಸಿದರು. ನಾವು ಕನ್ನಡ ಮಾತಾಡುತ್ತಿದ್ದೆವು. ಅದಕ್ಕೇ ಬೈದರಾ ಎಂದು ಬೇಸರವಾಯಿತು. — ಕಾರ್ಖಾನೆ ನೌಕರ, ಮಾಪುಸಾ

ಬೇಸರ ಆಗುವುದು ಸಹಜ. ಕೆಲಸ ಹುಡುಕಿಕೊಂಡು ಬಂದ ಊರಿನಲ್ಲಿ ಯಾರಾದರೂ ಗದರಿದರೆ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಭಾಷೆಯ ಕಾರಣಕ್ಕೆ ಬೈದರೋ ಇಲ್ಲವೋ, ನಾನು ಅಲ್ಲಿ ಇರಲಿಲ್ಲ. ಆದರೆ ನನಗೆ ಆದದ್ದು ಹೇಳುತ್ತೇನೆ.

ನಾನೂ ಒಮ್ಮೆ ಹೀಗೇ ಮಳೆ ನಿಂತ ಮೇಲೆ ಒಂದು ಬಾಂದಿನ ಮೇಲೆ ಹೊರಟಿದ್ದೆ. ಒಬ್ಬ ಅಜ್ಜ ಕೂಗಿ ನಿಲ್ಲಿಸಿದರು. ಸಿಟ್ಟು ಬಂತು. ಮತ್ತೆ ಕೊಂಕಣಿಯಲ್ಲಿ ನಿಧಾನ ಕೇಳಿದೆ, ಏನು ತಪ್ಪಾಯಿತು ಎಂದು. ಅವರು ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ ಏರಿಯ ಪಕ್ಕ ತೋರಿಸಿದರು. ಬೆರಳು ಹೋಗುವಷ್ಟು ಒಂದು ಏಡಿ ಬಿಲ. ಅದರಿಂದ ನೀರು ಒಸರುತ್ತಿತ್ತು. ಸಂಜೆ ಭರತಕ್ಕೆ ಅದು ಕೈ ಹೋಗುವಷ್ಟಾಗುತ್ತದೆ, ರಾತ್ರಿಗೆ ಮನುಷ್ಯ ಹೋಗುವಷ್ಟು, ಬೆಳಗಾದರೆ ಗದ್ದೆಯೆಲ್ಲ ಉಪ್ಪು ಎಂದರು. ಒದ್ದೆ ಏರಿಯ ಮೇಲೆ ನಾವು ಕಾಲಿಟ್ಟು ಜಾರಿದ ಕಡೆ ಮಣ್ಣು ಸಡಿಲವಾಗುತ್ತದೆ. ಒಂದು ಸಲ ಉಪ್ಪು ನುಗ್ಗಿದ ಗದ್ದೆ ಸರಿಹೋಗಲು ಒಂದು ಮಳೆಗಾಲ ಸಾಲುವುದಿಲ್ಲ. ಆಮೇಲೆ ಆ ಅಜ್ಜ ಹುಲ್ಲು, ಜೇಡಿ ಮಣ್ಣು ಕಲಸಿ ಬಿಲ ಮುಚ್ಚಿದರು. ನಾನೂ ಮಣ್ಣು ಹೊತ್ತು ಕೊಟ್ಟೆ. ಒಂದು ಗಂಟೆಯಲ್ಲಿ ಅವರು ಹೇಳಿಕೊಟ್ಟಿದ್ದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನೋಡಿ, ಇದು ಯಾರೂ ಇಲ್ಲದ ಕಾಡಲ್ಲ. ಪ್ರತಿ ಬಾಂದಿಗೆ, ಪ್ರತಿ ಬಾಗಿಲಿಗೆ ಯಾರೋ ಒಬ್ಬರು ಕೆಲಸ ಮಾಡುವವರು ಇದ್ದಾರೆ. ನಮ್ಮ ಊರಿನ ತೋಟದೊಳಗೆ ನಾಲ್ಕು ಜನ ಅಪರಿಚಿತರು ಬಂದರೆ ನಾವೂ ಕೇಳುತ್ತೇವೆ, ಯಾರು ನೀವು ಅಂತ. ಹಾಗಾಗಿ ಮೊದಲು ಕೇಳಿ. "ಹಾಂಗಚ್ಯಾನ್ ವಚೂಂಕ್ ಜಾತಾ?" ಅಂದರೆ ಇಲ್ಲಿಂದ ಹೋಗಬಹುದಾ ಎಂದು. ಮುಗಿದ ಮೇಲೆ "ದೇವ್ ಬರೆಂ ಕರೂಂ" ಅನ್ನಿ. ಇಷ್ಟು ಕೊಂಕಣಿಗೆ ಎಷ್ಟು ಬಾಗಿಲು ತೆರೆಯುತ್ತವೆ ಎಂದು ನೀವೇ ನೋಡುತ್ತೀರಿ. ಜೂನ್‌ನಿಂದ ಅಕ್ಟೋಬರ್ ತನಕ ಸಣ್ಣ ಬದುಗಳ ಮೇಲೆ ಹೋಗಲೇಬೇಡಿ, ಗಾಡಿ ಓಡಾಡುವ ಅಗಲ ಏರಿ ಸಾಕು. ನಾಲ್ಕು ಜನ ಹೋದರೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಕೂತು ತಿಂದ ಪ್ಲಾಸ್ಟಿಕ್ ಕವರ್ ಮಾನಸಿನ ಬಾಯಿಗೆ ಸಿಕ್ಕಿಕೊಂಡರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಅದು ನೆನಪಿರಲಿ.

ಮತ್ತೆ ದಿವಾಡಿಗೆ ಹೋಗಿ. ಆ ಹಿರಿಯರು ಸಿಕ್ಕರೆ ನೀವೇ ಮೊದಲು ಮಾತಾಡಿಸಿ.

ಕುಂಬಾರಜುವೆ ಕಾಲುವೆಯಲ್ಲಿ ಮೊಸಳೆ ಇವೆಯಂತೆ. ಉಪ್ಪು ನೀರಿನಲ್ಲಿ ಮೊಸಳೆ ಇರುತ್ತದಾ? ಅಲ್ಲಿ ಮೀನು ಹಿಡಿಯಲು ಹೋಗಬಹುದಾ? — ಓದುಗರು, ಝುವಾರಿನಗರ

ಇವೆ. ಸುಳ್ಳಲ್ಲ. ಈ ಕಾಲುವೆ ಮಾಂಡೊವಿ ಮತ್ತು ಝುವಾರಿ ಹೊಳೆಗಳನ್ನು ಸೇರಿಸುತ್ತದೆ, ಸುಮಾರು 15 ಕಿಲೋಮೀಟರ್ ಉದ್ದ. ಎರಡೂ ಕಡೆಯಿಂದ ಭರತ ನುಗ್ಗುವುದರಿಂದ ನೀರು ಸವಳು. ಅಲ್ಲಿರುವುದು ಮಗ್ಗರ್, ಅಂದರೆ ನಮ್ಮ ದಾಂಡೇಲಿಯಲ್ಲಿ, ರಂಗನತಿಟ್ಟಿನಲ್ಲಿ ಕಾಣುವ ಅದೇ ಸಿಹಿನೀರಿನ ಮೊಸಳೆ. ಒಡಿಶಾದ ಭಿತರಕನಿಕಾದಲ್ಲಿರುವ ದೊಡ್ಡ ಉಪ್ಪು ನೀರಿನ ಮೊಸಳೆ ಬೇರೆ ಜಾತಿ, ಅದು ಇಲ್ಲಿಲ್ಲ. ಮಗ್ಗರ್ ಸವಳು ನೀರನ್ನೂ ತಡೆದುಕೊಂಡು ಬದುಕುತ್ತದೆ. ಚಳಿಗಾಲದ ಬೆಳಿಗ್ಗೆ ಇಳಿತದ ಹೊತ್ತಿನಲ್ಲಿ ಕೆಸರು ದಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಕೆಸರಿನ ಬಣ್ಣವೇ ಆಗಿರುವುದರಿಂದ ದೋಣಿ ಹತ್ತಿರ ಹೋಗುವ ತನಕ ಗೊತ್ತಾಗುವುದಿಲ್ಲ.

ಈ ಕಡೆಯ ಜನ ಮೊಸಳೆಗೆ ಮಾನಗೆ ಎನ್ನುತ್ತಾರೆ. ಬೋರಿ, ದುರ್ಭಾಟ್ ಕಡೆ ಖಾಜನ್ ರೈತರು ವರ್ಷಕ್ಕೊಮ್ಮೆ ಹೊಳೆಯ ಬದಿಯಲ್ಲಿ ಜೇಡಿ ಮಣ್ಣಿನಿಂದ ಮೊಸಳೆ ಮಾಡಿ, ಚಿಪ್ಪುಗಳನ್ನು ಅಂಟಿಸಿ ಪೂಜೆ ಮಾಡುತ್ತಾರೆ. ಮಾನಗೆ ಥಾಪಣಿ ಎಂದು ಅದರ ಹೆಸರು. ಬಾಂದಿನ ಪಕ್ಕದಲ್ಲೇ ದಿನಾ ಕೆಲಸ ಮಾಡುವವರು, ಆ ಪ್ರಾಣಿಯ ಜತೆಗೇ ಬದುಕಬೇಕಾದವರು. ಹೆದರಿಕೆ ಇದೆ, ಅದಕ್ಕಿಂತ ಜಾಸ್ತಿ ಗೌರವ ಇದೆ. ನಮ್ಮಲ್ಲಿ ನಾಗರಕ್ಕೆ ತನಿ ಎರೆಯುವ ಹಾಗೆ.

ಮೀನು ಹಿಡಿಯಲು ಮಾತ್ರ ಹೋಗಬೇಡಿ. ದೋಣಿಯಿಂದ ನೋಡಿ, ಅಷ್ಟು ಸಾಕು. ನೀರಿಗೆ ಕಾಲು ಇಳಿಬಿಟ್ಟು ಕೂರುವುದು, ಸಂಜೆ ಕತ್ತಲಾದ ಮೇಲೆ ದಂಡೆಯಲ್ಲಿ ಗಾಳ ಹಾಕುವುದು, ಮೀನು ತೊಳೆದ ನೀರನ್ನು ಅಲ್ಲೇ ಚೆಲ್ಲುವುದು, ನಾಯಿಯನ್ನು ಕರೆದುಕೊಂಡು ಹೋಗುವುದು, ಇವೆಲ್ಲ ಬೇಡ. ಯಾರಾದರೂ ಕೋಳಿ ಎಸೆದು ಮೊಸಳೆ ತೋರಿಸುತ್ತೇನೆ ಎಂದರೆ ಆ ದೋಣಿ ಹತ್ತಬೇಡಿ. ಮನುಷ್ಯ ಬಂದರೆ ಊಟ ಬರುತ್ತದೆ ಎಂದು ಮೊಸಳೆಗೆ ಕಲಿಸಿದರೆ ಅದರ ಕಷ್ಟ ಬೀಳುವುದು ಬಾಂದಿನಲ್ಲಿ ಕೆಲಸ ಮಾಡುವವರ ಮೇಲೆ.

ಮಳೆಗಾಲದಲ್ಲಿ ಹಸಿರು ಜಾಸ್ತಿ, ಆಗ ಹೋಗಬಹುದಾ? — ಹಲವರು ಕೇಳಿದ್ದಾರೆ

ಹೋಗಬಹುದು, ಆದರೆ ನೀರಿಗೆ ಇಳಿಯಬೇಡಿ. ಇಲಿ ಜ್ವರದ ಕಾಲ ಅದು. ಇಲಿ, ದನಗಳ ಮೂತ್ರ ಸೇರಿದ ಗದ್ದೆ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಸಾಕು. ಗದ್ದೆ ಸುತ್ತಿ ಬಂದ ಒಂದೆರಡು ವಾರದಲ್ಲಿ ಜೋರು ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾದರೆ ಮಾತ್ರೆ ನುಂಗಿ ಮಲಗಬೇಡಿ, ತಕ್ಷಣ ವೈದ್ಯರ ಹತ್ತಿರ ಹೋಗಿ, ಗದ್ದೆ ನೀರಿನಲ್ಲಿ ಓಡಾಡಿದ್ದೆ ಎಂದು ಬಾಯಿ ಬಿಟ್ಟು ಹೇಳಿ. ಅದು ಹೇಳದೆ ಹೋದರೆ ವೈದ್ಯರಿಗೆ ಬೇಗ ಹೊಳೆಯುವುದಿಲ್ಲ.

ಮಳೆಗಾಲಕ್ಕೆ ನನಗೆ ಇಷ್ಟವಾದ ಜಾಗ ಕರಮಳಿ ಕೆರೆ. ಕೊಂಕಣ ರೈಲ್ವೆಯ ಕರಮಳಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ರಸ್ತೆಯ ಮೇಲೆ ನಿಂತೇ ನೋಡಿ. ತಾವರೆ ಎಲೆಯ ಮೇಲೆ ಉದ್ದ ಬೆರಳುಗಳಿಂದ ನಡೆಯುವ ಉದ್ದಬಾಲದ ದೇವನಕ್ಕಿಗೆ ಆ ಉದ್ದ ಬಾಲ ಬರುವುದು ಮರಿ ಮಾಡುವ ಈ ಕಾಲದಲ್ಲಿ. ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ, ಕಾವು ಕೊಟ್ಟು ಮರಿ ಸಾಕುವುದು ಗಂಡು. ಇನ್ನು ವಲಸೆ ಬಾತುಗಳು, ಸೂಜಿಬಾಲದ ಬಾತು ಮುಂತಾದವು, ನೋಡಬೇಕೆಂದರೆ ನವೆಂಬರ್‌ನಿಂದ ಫೆಬ್ರುವರಿ. ಎರಡು ಕಾಲಕ್ಕೂ ಒಂದೊಂದು ಸಲ ಹೋದರೆ ಒಂದೇ ಕೆರೆ ಎಂದು ನಂಬಲಾಗುವುದಿಲ್ಲ.

ನಮ್ಮದು ಸಿದ್ದಾಪುರ ಕಡೆ. ಕತ್ತಲೆಕಾನಿನಂಥ ರಾಮಪತ್ರೆ ಜೌಗು ಕಾಡು ಗೋವಾದಲ್ಲಿ ಇದೆಯಾ? — ಶಿಕ್ಷಕಿ, ಡಿಚೋಲಿ

ಇದೆ. ಸತ್ತರಿ ತಾಲೂಕಿನ ಬಾಂಬರ್‌ನಲ್ಲಿ ನಿರಂಕಾರಾಚಿ ರಾಯ್ ಎಂಬ ದೇವರ ಕಾಡು. ಅಲ್ಲಿ ವರ್ಷಪೂರ್ತಿ ತೇವ ಆರುವುದಿಲ್ಲ. ಬೇರುಗಳು ನೆಲದಿಂದ ಮೇಲೆದ್ದು ಮಂಡಿ ಮಡಚಿದ ಹಾಗೆ ಬಾಗಿ ಮತ್ತೆ ಒಳಗೆ ಹೋಗುತ್ತವೆ. ಕತ್ತಲೆಕಾನಿನಲ್ಲಿ ನೋಡಿದವರಿಗೆ ಗುರುತು ಹೇಳಬೇಕಾಗಿಲ್ಲ. ಬೆಟ್ಟದ ಬುಡದ ಕಾಡು ಇದು, ಆದರೆ ಇಂಥ ಕಾಡು ಹಿಡಿದಿಟ್ಟ ನೀರೇ ಬೇಸಿಗೆಯಲ್ಲಿ ಹಳ್ಳವಾಗಿ ಕೆಳಗೆ ಇಳಿಯುತ್ತದೆ.

ದೇವರ ಕಾಡು ಎಂಬ ಕಾರಣಕ್ಕೇ ಉಳಿದಿದೆ. ಚಪ್ಪಲಿ, ಮಾತು, ಮೈಲಿಗೆ ಎಂದೆಲ್ಲ ಊರವರು ಏನು ಹೇಳುತ್ತಾರೋ ಹಾಗೆ ನಡೆದುಕೊಳ್ಳಿ. ಒಬ್ಬ ಊರವರನ್ನು ಜತೆಗೆ ಕರೆದುಕೊಂಡೇ ಹೋಗಿ. ಬೇರಿನ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವವರನ್ನು ನೋಡಿದ್ದೇನೆ, ಕರುಳು ಚುರುಕ್ ಅನ್ನುತ್ತದೆ. ಆ ಮರಗಳು ಉಸಿರಾಡುವುದು ಆ ಬೇರಿನಿಂದ.

ಒಂದು ಎಚ್ಚರ. ಮಂಗನ ಕಾಯಿಲೆ ನಿಮಗೆ ಗೊತ್ತೇ ಇದೆ, 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು. 2015ರಿಂದ ಸತ್ತರಿಯಲ್ಲೂ ಇದೆ. ರಕ್ತ ಹೀರುವ ಉಣ್ಣೆ ಹುಳಗಳಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇ ತನಕ ಜೋರು. ಹಾಗಾಗಿ ಆ ತಿಂಗಳುಗಳಲ್ಲಿ ಹೊರಡುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮೈ ಮುಚ್ಚುವ ಬಟ್ಟೆ ಹಾಕಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ, ಎಲೆಯ ರಾಶಿಯ ಮೇಲೆ ಕೂರಬೇಡಿ, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬೇರೆ ನೆನೆಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ವಾಪಸ್ ಬಂದು ತಿಳಿಸಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಮಳೆ ಮುಗಿದ ಅಕ್ಟೋಬರ್ ಕೊನೆ, ನವೆಂಬರ್ ಮೊದಲು ನೋಡಿ.

ಹಳೆಯ ಗೋವಾ ಮನೆಗಳ ಕಿಟಕಿಯಲ್ಲಿ ಗಾಜಿನ ಬದಲು ಇರುವ ಚಿಪ್ಪು ಎಲ್ಲಿಂದ ಬಂತು? — ಓದುಗರು, ಬಾಯ್ನಾ

ನಿಮ್ಮ ಮನೆಯ ಹತ್ತಿರದಿಂದಲೇ! ಬೆಳಕು ಹಾಯುವ ಆ ತೆಳು ಚಿಪ್ಪಿನ ಮೃದ್ವಂಗಿ ವಾಸ್ಕೊ ಪಕ್ಕದ ಚಿಕಲಿ ಕೊಲ್ಲಿಯಲ್ಲಿ, ಝುವಾರಿಯ ಕೆಸರು ತಳದಲ್ಲಿ ಈಗಲೂ ಇದೆ. ಕಾನೂನಿನ ರಕ್ಷಣೆ ಇದೆ, ಹಿಡಿಯುವಂತಿಲ್ಲ. ಇಳಿತದ ಹೊತ್ತಿಗೆ ದಂಡೆಯಲ್ಲಿ ನಿಂತು ನೋಡಿ, ಜೀವಂತ ಚಿಪ್ಪು ಕಂಡರೆ ಅಲ್ಲೇ ಬಿಡಿ.

ನಮ್ಮ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾದ ಮಾಂಡೊವಿಯಂತೆ. ನೀರಿನ ಜಗಳದಲ್ಲಿ ನೀವು ಯಾರ ಕಡೆ? — ಓದುಗರು, ಖಾನಾಪುರ

ಹೌದು, ಅದೇ ಹೊಳೆ. ನಿಮ್ಮ ದೇಗಾಂವ್ ಹತ್ತಿರ ಭೀಮಗಡದ ಕಾಡಿನಲ್ಲಿ ಹುಟ್ಟಿ, ಸತ್ತರಿಯಲ್ಲಿ ಮ್ಹಾದಯ್ ಎನ್ನಿಸಿಕೊಂಡು, ಪಣಜಿಯ ಹತ್ತಿರ ಮಾಂಡೊವಿಯಾಗಿ ಸಮುದ್ರ ಸೇರುತ್ತದೆ.

2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಎಂದು ಹಂಚಿತು. ನರಗುಂದ, ನವಲಗುಂದದ ರೈತರು ಎಷ್ಟು ವರ್ಷ ರಸ್ತೆಯಲ್ಲಿ ಕೂತರು ಎಂದು ನನಗೆ ಗೊತ್ತು. ಒಂದು ಕೊಡ ನೀರಿಗೆ ಕಾಯುವ ಮನೆಯ ಕಷ್ಟ ಸುಳ್ಳಲ್ಲ. ಅದೇ ಹೊತ್ತಿಗೆ ಈ ಕಡೆಯದ್ದನ್ನೂ ನೋಡಿದ್ದೇನೆ. ಬೇಸಿಗೆಯಲ್ಲಿ ಮೇಲಿಂದ ಸಿಹಿನೀರು ಕಡಿಮೆಯಾದಂತೆ ಭರತದ ಉಪ್ಪು ನೀರು ಹೊಳೆಯೊಳಗೆ ಹತ್ತಾರು ಕಿಲೋಮೀಟರ್ ಮೇಲಕ್ಕೆ ಏರುತ್ತದೆ. ಎಲ್ಲಿ ನಿಲ್ಲಬೇಕು ಎಂದು ಆ ಉಪ್ಪಿಗೆ ಹೇಳುವುದು ಕಾಡಿನಿಂದ ಇಳಿದು ಬರುವ ನೀರೇ. ಬಾವಿ, ಖಾಜನ್, ಕಾಂಡ್ಲಾ, ಮೀನಿನ ಮರಿ ಎಲ್ಲ ಅದರ ಮೇಲೆ ನಿಂತಿವೆ.

ನೇರವಾಗಿ ಹೇಳಬೇಕೆಂದರೆ, ನಾನು ಭೀಮಗಡದ ಕಾಡಿನ ಕಡೆ. ಆ ಕಾಡು ಹೋದರೆ ಹಂಚಿಕೊಳ್ಳಲು ಎರಡೂ ಕಡೆಗೆ ಏನೂ ಉಳಿಯುವುದಿಲ್ಲ. ನೀವು ಒಮ್ಮೆ ಇಲ್ಲಿಗೆ ಬನ್ನಿ. ನಿಮ್ಮೂರ ನೀರು ಸಮುದ್ರ ಸೇರುವ ಮೊದಲು ಏನೇನು ಕೆಲಸ ಮಾಡುತ್ತದೆ ಎಂದು ರಿಬಂದರ್ ಫೆರಿಯಿಂದ ತೋರಿಸುತ್ತೇನೆ.

ಕಾಂಡ್ಲಾ ಗಿಡದ ಬೇರು ಯಾಕೆ ಪೆನ್ಸಿಲ್ ತರಹ ಮೇಲಕ್ಕೆ ಬರುತ್ತದೆ? ಅಲ್ಲಿ ಕೆಟ್ಟ ವಾಸನೆ ಯಾಕೆ? — 6ನೇ ತರಗತಿ, ಪಣಜಿ

ಎರಡಕ್ಕೂ ಉತ್ತರ ಒಂದೇ ಪುಟ್ಟಾ. ಆ ಕೆಸರಿನೊಳಗೆ ಗಾಳಿ ಇಲ್ಲ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಅದಕ್ಕೆ ಬೇರು ಮೂಗನ್ನು ಮೇಲೆ ಚಾಚಿದ ಹಾಗೆ ಕೆಸರಿನಿಂದ ಹೊರಗೆ ಬರುತ್ತದೆ. ಅದರ ಮೈಮೇಲೆ ಸಣ್ಣ ಸಣ್ಣ ತೂತುಗಳಿವೆ, ಇಳಿತದ ಹೊತ್ತಿಗೆ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಇನ್ನು ವಾಸನೆ. ಗಾಳಿ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಕೊಳೆತ ಎಲೆ ತಿನ್ನುವಾಗ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಅಲ್ಲಿ ಕೆಲಸ ನಡೆಯುತ್ತಿದೆ ಎಂದು ಅರ್ಥ.

ನೀನು ನೋಡಿದ ಪೆನ್ಸಿಲ್ ಬೇರಿನದ್ದು ಒಂದು ಜಾತಿ. ಇನ್ನೊಂದು ಜಾತಿ ಕೊಡೆಯ ಕಡ್ಡಿಗಳ ಹಾಗೆ ಬೇರುಗಳನ್ನು ಬಾಗಿಸಿ ಊರಿಕೊಂಡು ನಿಲ್ಲುತ್ತದೆ. ಅದರ ಬೀಜ ಮರದಲ್ಲಿರುವಾಗಲೇ ಮೊಳಕೆ ಒಡೆದು ಉದ್ದ ಹಸಿರು ಕೋಲಿನಂತೆ ನೇತಾಡುತ್ತದೆ. ಬಿದ್ದಾಗ ಇಳಿತ ಇದ್ದರೆ ಕೆಸರಿಗೆ ಚುಚ್ಚಿಕೊಂಡು ಅಲ್ಲೇ ಗಿಡವಾಗಬಹುದು, ಭರತ ಇದ್ದರೆ ತೇಲಿಕೊಂಡು ಬೇರೆ ಊರಿಗೆ ಹೋಗುತ್ತದೆ. ಒಂದು ಕೆಲಸ ಮಾಡು. ಪೆನ್ಸಿಲ್ ಬೇರಿನ ಗಿಡದ ಎಲೆ ಸಿಕ್ಕರೆ ಬಿಸಿಲೇರಿದ ಮೇಲೆ ಅದರ ಮೈ ಹತ್ತಿರದಿಂದ ನೋಡು. ಉಪ್ಪಿನ ಸಣ್ಣ ಹರಳು ಕಾಣುತ್ತದೆ, ಆ ಗಿಡ ಬೇಡದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ. ಎಲೆ ಕೀಳಬೇಡ, ಗಿಡದಲ್ಲೇ ನೋಡು. ಮನೆಯವರ ಕೈ ಹಿಡಿದುಕೊಂಡೇ ಹೋಗು. ಇವೆರಡೂ ಅಲ್ಲದ ಮತ್ತೊಂದು ಜಾತಿಯ ಗಿಡದ ಬಿಳಿ ಹಾಲು ಕಣ್ಣಿಗೆ ಬಿದ್ದರೆ ತುಂಬಾ ಉರಿಯುತ್ತದೆ, ಹಾಗಾಗಿ ಗೊತ್ತಿಲ್ಲದ ಕೊಂಬೆ ಮುರಿಯಬಾರದು.

ಎರಡು ಬೇರಿನ ಚಿತ್ರವನ್ನೂ ಬರೆದು ಕಳಿಸು. ಭರತದ ನೀರು ಎಲ್ಲಿ ತನಕ ಬಂದಿತ್ತು ಎಂದು ಬೇರಿನ ಮೇಲೆ ಕೆಸರಿನ ಗೆರೆ ಇರುತ್ತದೆ, ಅದನ್ನೂ ಸರಿಯಾಗಿ ಹಾಕು. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.